ವೈಶಾಲಿಗೆ ಅಂಟಿಸಿದ ಕಾಯಿಲೆ

ವೈಶಾಲಿಗೆ ದಮ್ಮಿನ ಕಾಯಿಲೆ ಬಂದದ್ದು ಊಟದ ಮೇಜಿನ ಮೇಲೆ, ಎರಡನೆಯ ಹೋಳಿಗೆಗೂ ಮೂರನೆಯ ಹೋಳಿಗೆಗೂ ನಡುವೆ. ಹೋಳಿಗೆ ತಿನ್ನುತ್ತಿದ್ದವನು ಡಾಕ್ಟರ್ ಗಿರೀಶ. ಅವಳ ಅಪ್ಪ ಬಾಳಾಸಾಹೇಬನೂ ಅವನೂ ಬಾಗಲಕೋಟೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಈಗ ಬಾಳಾಸಾಹೇಬ ಸ್ಯಾನ್ ಡಿಯೇಗೋದಲ್ಲಿ ಟೆಲಿಕಾಂ ಎಂಜಿನಿಯರು. ಗಿರೀಶನ ಕ್ಲಿನಿಕ್ಕು ಲಾಸ್ ಏಂಜಲಿಸ್‌ನ ಎಲ್ ಸೆಗುಂಡೋ ಕಡೆ. ಹೋಳಿಗೆಯ ನೆಪ ಸಿಕ್ಕಾಗಲೆಲ್ಲ ಅವನು ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಫೋರ್ ಎಸ್ ರ್ಯಾಂಚ್ ಬಡಾವಣೆಯ ಈ ಮನೆಗೆ ಬರುತ್ತಿದ್ದ.

"ಪಿ.ಇ. ಅನ್ನೋ ಕ್ಲಾಸಿನ್ಯಾಗ ಬಿ ಕೊಟ್ಟಾರ ನೋಡ್ರಿ ಗಿರೀಶಣ್ಣ," ಎಂದಳು ವೈಶಾಲಿಯ ತಾಯಿ ಸೌಜನ್ಯಾ, ತುಪ್ಪ ಬಡಿಸುತ್ತಾ. "ಮ್ಯಾಥ್ಸಿನ್ಯಾಗ ಎ, ಸೈನ್ಸಿನ್ಯಾಗ ಎ, ಎಲ್ಲಾದ್ರಾಗೂ ಎ. ಗ್ರೌಂಡಿನ ಸುತ್ತ ಓಡಾಕ ಬರೂದಿಲ್ಲಂತ ಬಿ. ಓಡಿ ಯಾರರೆ ಡಾಕ್ಟರ್ ಆಗ್ಯಾರೇನ್ರಿ?"

"ನಾ ಅಂತೂ ಆಗಿಲ್ಲ," ಎಂದ ಗಿರೀಶ, ತನ್ನ ಹೊಟ್ಟೆಯನ್ನು ತಟ್ಟಿ ತೋರಿಸುತ್ತಾ.

"ಮ್ಯಾಲ ನಡುಮಧ್ಯಾಹ್ನ ಬಿಸಲಾಗ ನಿಂದರಸ್ತಾರ. ಮಾರಿ ನೋಡ್ರಿ ಆಕೀದು, ಹೆಂಚಿನಂಗ ಆಗೇತಿ."

ಮೇಜಿನ ಸುತ್ತ ಇದ್ದವರೆಲ್ಲ ವೈಶಾಲಿಯ ಮುಖ ನೋಡಿದರು. ಹದಿನಾಲ್ಕರ ಹುಡುಗಿ, ದುಂಡು ಮೈಯವಳು, ತಟ್ಟೆಯ ಮೇಲೆ ಇನ್ನಷ್ಟು ಬಗ್ಗಿದಳು.

"ಓಡಿದ್ರ ಉಸುರು ಹತ್ತತೈತೇನವಾ?" ಗಿರೀಶ ಕೇಳಿದ.

"ಎವ್ರಿಬಡಿ ಡಸ್, ಅಂಕಲ್," ಎಂದಳು ವೈಶಾಲಿ.

"ಹತ್ತತೈತಂತ," ಎಂದು ಗಿರೀಶ ತೀರ್ಪು ಕೊಟ್ಟ. ಎಲ್ಲರೂ ನಕ್ಕರು. ಅವನು ಕೈ ತೊಳೆದು, ಕಾರಿನಿಂದ ತನ್ನ ಕ್ಲಿನಿಕ್ಕಿನ ಕಾಗದ ತಂದು, ಈ ಹುಡುಗಿಗೆ ಆಸ್ತಮಾ ಇದೆ, ವ್ಯಾಯಾಮದ ತರಗತಿಯಿಂದ ಬಿಡುಗಡೆ ಕೊಡಬೇಕು ಎಂದು ಚೀಟಿ ಬರೆದ. ಜೊತೆಗೆ ಬ್ಯಾಗಿನ ತಳದಿಂದ ನೀಲಿ ಬಣ್ಣದ ಒಂದು ಇನ್‌ಹೇಲರು ತೆಗೆದು ಕೊಟ್ಟ. ಕಂಪನಿಯವರು ರೋಗಿಗಳಿಗೆ ಬಳಸಿ ತೋರಿಸಲೆಂದು ಕೊಟ್ಟದ್ದು, ಒಳಗೆ ಔಷಧಿ ಇರಲಿಲ್ಲ. "ಮಂದಿಗಿ ಕಾಣೂವಂಗ ಬ್ಯಾಗಿನ ಹೊರಗಿನ ಪಾಕೀಟಿನ್ಯಾಗ ಇಟ್ಕೋ ತಂಗಿ," ಎಂದ. ಆಮೇಲೆ ಮೂರನೆಯ ಹೋಳಿಗೆ ತಿಂದ.

ಅವರಾರಿಗೂ ಗೊತ್ತಿರದ ಒಂದು ಸಂಗತಿ ಇತ್ತು. ಅದಕ್ಕೆ ಹಿಂದಿನ ವಾರವಷ್ಟೇ ವೈಶಾಲಿ ಶಾಲೆಯ ಮೈದಾನವನ್ನು ಒಮ್ಮೆಯೂ ನಿಲ್ಲದೆ, ನಡೆಯದೆ, ಹೇಳಿದಷ್ಟು ಸುತ್ತೂ ಓಡಿ ಮುಗಿಸಿದ್ದಳು. ಕೊನೆಯವಳಾಗಿ ಮುಗಿಸಿದ್ದಳು ನಿಜ. ಉಳಿದವರು ಆಗಲೇ ನೀರು ಕುಡಿದು ನೆರಳಿಗೆ ಸೇರಿಕೊಂಡಿದ್ದರು. ಆದರೂ ಕೋಚ್ ಅವಳ ಭುಜ ತಟ್ಟಿ, ವಸಂತದ ಓಟದ ತಂಡಕ್ಕೆ ಆಯ್ಕೆ ಇದೆ, ಬಂದು ನೋಡು ಎಂದಿದ್ದಳು. ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಅದನ್ನು ತಾಯಿಗೆ ಹೇಳಬೇಕೆಂದು ವೈಶಾಲಿ ಬಾಯಿ ತೆರೆದಳು. ಸೌಜನ್ಯಾ ಫೋನಿನಲ್ಲಿ ಮಾತಾಡುತ್ತಿದ್ದಳು. ಬೆರಳೆತ್ತಿ, ತಡಿ ಎಂದು ಸನ್ನೆ ಮಾಡಿದಳು. ಆ ತಡಿ ಮುಗಿಯಲೇ ಇಲ್ಲ.

ಚೀಟಿ ಶಾಲೆ ಸೇರಿದ ಮೇಲೆ ವೈಶಾಲಿಗೆ ಪಿ.ಇ. ಹೊತ್ತಿನಲ್ಲಿ ಮೈದಾನದ ಪಕ್ಕದ ಕಬ್ಬಿಣದ ಮೆಟ್ಟಿಲ ಮೇಲೆ ಕೂರುವ ಕೆಲಸವಾಯಿತು. ಓಡುವವರ ನೀರಿನ ಬಾಟಲಿಗಳನ್ನೂ ಸ್ವೆಟರುಗಳನ್ನೂ ಕಾಯುವುದು. ಬ್ಯಾಗಿನ ಇನ್‌ಹೇಲರು ನೋಡಿ ಹುಡುಗರು ಅವಳಿಗೆ ಪಫ್ ಎಂದು ಹೆಸರಿಟ್ಟರು. "ಹೇ ಪಫ್, ಕ್ಯಾಚ್!" ಎಂದು ಬೆವರಿನ ಅಂಗಿಯನ್ನು ಅವಳ ಮುಖಕ್ಕೆ ಎಸೆದು ಹೋಗುವರು. ನಿಜವಾಗಿ ಆಸ್ತಮಾ ಇದ್ದ ಹುಡುಗನೊಬ್ಬ ಆ ತರಗತಿಯಲ್ಲಿದ್ದ. ಅವನು ಓಡುತ್ತಿದ್ದ. ನಡುನಡುವೆ ಬಂದು ಅವಳ ಪಕ್ಕ ಕುಕ್ಕರಿಸಿ, ಎದೆಯೊಳಗೆ ಸಣ್ಣ ಪೀಪಿ ಸಿಕ್ಕಿಕೊಂಡವನ ಹಾಗೆ ಉಸಿರೆಳೆದು, ಔಷಧಿ ಹೀರಿ, ಮತ್ತೆ ಎದ್ದು ಓಡಿಹೋಗುತ್ತಿದ್ದ. ಅವನು ಉಸಿರೆಳೆಯುವಾಗ ಕೊರಳ ಕೆಳಗಿನ ಗುಳಿ ಒಳಕ್ಕೆ ಹೋಗುವುದು, ಭುಜ ಕಿವಿಗೆ ಏರುವುದು, ಎಲ್ಲವನ್ನೂ ವೈಶಾಲಿ ಸುಮ್ಮನೆ ನೋಡುತ್ತಿದ್ದಳು. ಒಮ್ಮೆ ಅವನು ಕೇಳಿದ, "ನಿನ್ನದು ಯಾವಾಗ ಬರುತ್ತೆ?" ಅವಳು ಅವನ ನೀರಿನ ಬಾಟಲಿ ಎತ್ತಿಕೊಟ್ಟಳು.

ಪಕ್ಕದ ಬೀದಿಯ ರಚನಾ ಅದೇ ತರಗತಿಯವಳು. ಬೆಂಗಳೂರಿನ ವತ್ಸಲಾ ಆಂಟಿಯ ಮಗಳು, ಜಿಂಕೆಯಂಥ ಕಾಲಿನವಳು, ಆಗಲೇ ಓಟದ ತಂಡದಲ್ಲಿದ್ದಳು. ಮೊದಲು ವೈಶಾಲಿಯನ್ನು ತಂಡಕ್ಕೆ ಬಾ ಬಾ ಎಂದು ಕರೆದವಳೂ ಅವಳೇ. ಚೀಟಿಯ ವಿಷಯ ತಿಳಿದ ದಿನ ಮೆಟ್ಟಿಲ ಹತ್ತಿರ ಬಂದು, ಲೇಸು ಕಟ್ಟುವವಳಂತೆ ಬಗ್ಗಿ, "ಫೇಕ್" ಎಂದು ಒಂದೇ ಮಾತು ಹೇಳಿ ಓಡಿದಳು.

ರಚನಾಳ ತಾಯಿಗೂ ಅನುಮಾನವಿತ್ತು. ಒಂದು ದಿನ ಚಹಾ ಕುಡಿಯುತ್ತಾ ವತ್ಸಲಾ ಹೇಳಿದಳು, "ಅಲ್ಲ ಸೌಜನ್ಯಾ, ಗ್ರೇಡ್‌ಗೋಸ್ಕರ ಏನಾದ್ರೂ ಹಿಂಗೆ ಮಾಡಿದ್ರಾ ಅಂತ. ಯಾಕಂದ್ರೆ ಇಲ್ಲಿನ ಯೂನಿವರ್ಸಿಟಿಗಳು ಪಿ.ಇ. ಗ್ರೇಡ್ ಲೆಕ್ಕಕ್ಕೇ ತಗೊಳಲ್ಲ ಕಣ್ರೀ. ನಾನು ಕೌನ್ಸೆಲರ್‌ನೇ ಕೇಳಿದೀನಿ."

ಸೌಜನ್ಯಾ ಚಹಾದ ಲೋಟ ಕೆಳಗಿಟ್ಟಳು. "ಏನ್ರಿ ಹಂಗಂದ್ರ? ಮಗಳಿಗಿ ದಮ್ಮ ಐತಿ ಅಂತ ನಾವು ಅಳಾಕತ್ತೀವಿ, ನೀವು ಗ್ರೇಡ್ ಅಂತೀರಿ?"

"ಅಯ್ಯೋ, ಸುಮ್ನೆ ಕೇಳ್ದೆ. ಮೈ ಮುಖ ನೋಡಿದ್ರೆ ಚೆನ್ನಾಗೇ ತಿಂದುಂಡ್ಕೊಂಡು ಇದಾಳಲ್ವಾ, ಅದಕ್ಕೆ."

ಅಂದಿನಿಂದ ಸುಳ್ಳು ಎಲ್ಲರಿಗೂ ಒಂದೇ ಆಗಬೇಕಾಯಿತು. ಬಾಗಲಕೋಟೆಗೆ ಫೋನು ಮಾಡಿದಾಗಲೂ ಅದನ್ನೇ ಹೇಳಿದರು, ಅಲ್ಲಿನ ಮಾತು ಇಲ್ಲಿಗೆ ಬರಲು ಹೊತ್ತು ಬೇಕಿರಲಿಲ್ಲ. ಫೋನಿನ ಆ ತುದಿಯಲ್ಲಿ ಬಾಳಾಸಾಹೇಬನ ತಾಯಿ ಪ್ರೇಮವ್ವ ಅತ್ತಳು. ಅವಳ ತಮ್ಮನೊಬ್ಬ ದಮ್ಮಿನಿಂದಲೇ ಸತ್ತಿದ್ದ. ಅತ್ತವಳು ಸುಮ್ಮನೆ ಕೂರಲಿಲ್ಲ. ಊರ ಹತ್ತಿರದ ತುಳಸಿಗೇರಿಗೆ ಹೋಗಿ, ಹಣಮಪ್ಪನ ಮುಂದೆ ನಿಂತು, ಮೊಮ್ಮಗಳ ದಮ್ಮು ಹೋದರೆ ಅವಳ ಕೈಯಿಂದ ದೀಡ ನಮಸ್ಕಾರ ಹಾಕಿಸುತ್ತೇನೆ ಎಂದು ಹರಕೆ ಹೊತ್ತಳು.

ದೀಡ ನಮಸ್ಕಾರವೆಂದರೆ ದೇವಸ್ಥಾನವನ್ನು ಕಾಲಿನಿಂದ ಸುತ್ತುವುದಲ್ಲ, ಮೈಯಿಂದ ಅಳೆಯುವುದು. ಒದ್ದೆ ಬಟ್ಟೆಯಲ್ಲಿ ನೆಲಕ್ಕೆ ಉದ್ದಕ್ಕೆ ಬೀಳಬೇಕು, ಕೈ ಮುಂದೆ ಚಾಚಬೇಕು, ಬೆರಳ ತುದಿ ಮುಟ್ಟಿದಲ್ಲಿ ಒಬ್ಬರು ಗೆರೆ ಹಾಕಬೇಕು. ಎದ್ದು, ಆ ಗೆರೆಯ ಮೇಲೆ ನಿಂತು, ಮತ್ತೆ ಬೀಳಬೇಕು. ಹಾಗೇ ಪೂರಾ ಒಂದು ಸುತ್ತು. ಹರಕೆ ಹೊರುವವರು ಒಬ್ಬರು, ನೆಲಕ್ಕೆ ಬೀಳುವವರು ಇನ್ನೊಬ್ಬರು. ಇದನ್ನು ಯಾರೂ ಅನ್ಯಾಯವೆಂದು ಎಣಿಸುವುದಿಲ್ಲ.

ಮರು ಮಾರ್ಚ್‌ನಲ್ಲಿ ಪ್ರೇಮವ್ವ ಅಮೆರಿಕಕ್ಕೆ ಬಂದಳು. ಬಂದ ಗಳಿಗೆಯಲ್ಲೇ ವೈಶಾಲಿ ಅಜ್ಜಿಯ ಸೂಟ್‌ಕೇಸನ್ನು ಎರಡೂ ಕೈಯಲ್ಲಿ ಹಿಡಿದು ಮಹಡಿಗೆ ಹೊತ್ತಳು. ಮೆಟ್ಟಿಲ ಕೆಳಗೆ ನಿಂತ ಮುದುಕಿ ಅದನ್ನು ನೋಡಿದಳು. ಮೇಲಿಂದ ಕೆಮ್ಮು ಬರುತ್ತದೆಯೇ ಎಂದು ಕಿವಿಗೊಟ್ಟಳು. ಬರಲಿಲ್ಲ.

"ಹ್ವಾತು!" ಎಂದು ಕೂಗಿದಳು. "ಬಾಳೂ, ನನ ಮೊಮ್ಮಗಳ ದಮ್ಮ ಹ್ವಾತೋ! ಹಣಮಪ್ಪ ಕೈ ಬಿಡ್ಲಿಲ್ಲೋ!"

ಬಾಳಾಸಾಹೇಬ ಹೆಂಡತಿಯ ಮುಖ ನೋಡಿದ. ಸೌಜನ್ಯಾ ಗೋಡೆ ನೋಡಿದಳು. ಕಾಯಿಲೆಯೇ ಸುಳ್ಳು ಎಂದು ಹೇಳಲು ಆಗ ಒಂದು ಕ್ಷಣವಿತ್ತು. ಬಾಳಾಸಾಹೇಬ ಉಳಿದ ಬ್ಯಾಗು ತರಲು ಕಾರಿಗೆ ಹೋದ.

ಪ್ರೇಮವ್ವ ಪ್ರೀತಿಯ ಅಜ್ಜಿಯಾಗಿರಲಿಲ್ಲ. ಮೊಮ್ಮಗಳ ತೋಳು ಹಿಂಡಿ, "ಬೆಣ್ಣಿ ಮುದ್ದಿ, ಎಲುಬು ಎಲ್ಲೈತೋ ಹುಡುಕಬೇಕು," ಎನ್ನುವಳು. ಈ ಊರಿನ ಮಕ್ಕಳನ್ನು ಕಂಡರೆ ಅವಳಿಗೆ ಸಿಟ್ಟು. ಬೀದಿ ತುಂಬ ಅಗಲವಾದ ಸಿಮೆಂಟಿನ ಕಾಲುದಾರಿ, ಹಸಿರು ಹುಲ್ಲು, ಬಣ್ಣಬಣ್ಣದ ಜಾರುಬಂಡಿ. ಒಂದು ಕೂಸೂ ಇಲ್ಲ. ನಡೆಯುವವು ನಾಯಿಗಳು ಮಾತ್ರ, ಅವುಗಳ ಹಿಂದೆ ಮಾಲೀಕರು. ಮಕ್ಕಳನ್ನು ಎರಡು ಬೀದಿಯಾಚೆಯ ಟ್ಯೂಷನ್ನಿಗೂ ಕಾರಿನಲ್ಲೇ ಒಯ್ದು, ಕಾರಿನಲ್ಲೇ ತಂದು, ಮನೆಯ ಬಾಗಿಲು ಮುಚ್ಚುತ್ತಿದ್ದರು. "ಕೋಳಿ ಫಾರ್ಮಿನ್ಯಾಗ ಹಿಂಗ ಇಡ್ತಾರ. ಅವನ್ನ ಕೊಯ್ಯಾಕ ಇಟ್ಟಿರ್ತಾರ, ಇವನ್ನ್ಯಾಕ ಇಟ್ಟೀರಿ?" ಎಂದು ಮುದುಕಿ ಮಗನನ್ನು ಕೇಳಿದಳು. ಬಾಳಾಸಾಹೇಬ ಗ್ಯಾರೇಜಿನಲ್ಲಿರುವ ಟ್ರೆಡ್‌ಮಿಲ್ ತೋರಿಸಿದ. ಅದರ ಮೇಲೆ ಯಾರೂ ಹತ್ತಿದ್ದಿಲ್ಲ. ಪ್ರೇಮವ್ವ ಒಂದು ಹಳೆ ಸೀರೆ ಹಾಸಿ ಅದರ ಮೇಲೆ ಸಂಡಿಗೆ ಒಣಗಿಸಿದಳು.

ತುಳಸಿಗೇರಿಗೆ ಹೋಗಲಾಗದು, ಆದರೆ ಲಾಸ್ ಏಂಜಲಿಸ್ ಆಚೆಯ ಗುಡ್ಡದಲ್ಲೊಂದು ದೇವಸ್ಥಾನವಿದೆ, ಅಲ್ಲಿ ಹಣಮಪ್ಪನೂ ಇದ್ದಾನೆ ಎಂದು ಮುದುಕಿಗೆ ಗೊತ್ತಾಯಿತು. ಮೇ ತಿಂಗಳ ಒಂದು ಶನಿವಾರ ಗೊತ್ತು ಮಾಡಿದಳು. ಗ್ಯಾರೇಜಿನಲ್ಲಿ, ಸಂಡಿಗೆಯ ಪಕ್ಕ, ಅಭ್ಯಾಸ ಶುರುವಾಯಿತು.

ಮೊದಲ ದಿನ ವೈಶಾಲಿ ನಾಲ್ಕು ಸಲ ಬಿದ್ದೆದ್ದು ಐದನೆಯ ಸಲ ನೆಲದಲ್ಲೇ ಉಳಿದಳು. ಅಜ್ಜಿ ಸಂಡಿಗೆ ಕಾಯುವ ಕೋಲಿನಿಂದ ಅವಳ ಮೀನಖಂಡಕ್ಕೆ ಬಾರಿಸಿದಳು. "ಏಳ! ಎಮ್ಮಿ ಹೊಂಡದಾಗ ಮಲಗಿದಂಗ ಮಲಗ್ಯಾಳ ನೋಡು. ಮೊಣಕಾಲ ಊರಬ್ಯಾಡ, ಅಂಗೈ ಒತ್ತಿ ಏಳ." ಮರುದಿನ ವೈಶಾಲಿಗೆ ತೋಳೆತ್ತಿ ತಲೆ ಬಾಚಲು ಆಗಲಿಲ್ಲ. ಆದರೂ ಶಾಲೆಯಿಂದ ಬಂದವಳು ತಾನೇ ಗ್ಯಾರೇಜಿಗೆ ಹೋದಳು. ಕೋಲಿನ ಪೆಟ್ಟಿನಲ್ಲಿ ಅವಳಿಗೆ ಒಂದು ಸಂಗತಿ ಹೊಸದಾಗಿ ಕಂಡಿತ್ತು: ಈ ಮನೆಯಲ್ಲಿ ಅವಳ ಕಾಲಿನಿಂದ ಏನನ್ನಾದರೂ ಕೇಳಿದವಳು ಈ ಮುದುಕಿ ಒಬ್ಬಳೇ.

ಸಂಜೆ ಅಜ್ಜಿ ಅವಳನ್ನು ಬೀದಿಗೆ ಎಳೆದುಕೊಂಡು ಹೋಗುತ್ತಿದ್ದಳು. ಇಳಕಲ್ ಸೀರೆಯ ಕಚ್ಚೆ ಹಾಕಿ ದಾಪುಗಾಲಿಡುವ ಮುದುಕಿ, ಹಿಂದೆ ಕೆಂಪು ಮುಖದ ಹುಡುಗಿ. ಕಾರುಗಳು ಪಕ್ಕಕ್ಕೆ ನಿಂತು, ಗಾಜಿಳಿಸಿ, ನೀವು ಆರಾಮಿದ್ದೀರಾ, ಎಲ್ಲಿಗಾದರೂ ಬಿಡಬೇಕೇ ಎಂದು ಕೇಳುತ್ತಿದ್ದವು. "ಏನಂತಾರ?" ಎಂದು ಮುದುಕಿ ಕೇಳಿದರೆ ವೈಶಾಲಿ ತನ್ನ ಮುರುಕು ಕನ್ನಡದಲ್ಲಿ, "ನಮ್ದು ಕಾರ್ ಸತ್ತಿದೆಯಾ ಅಂತ ಕೇಳ್ತಾರೆ," ಎಂದು ಹೇಳಿ ನಗುತ್ತಿದ್ದಳು. ಅವಳು ಮನೆಯಲ್ಲಿ ನಕ್ಕು ಬಹಳ ದಿನವಾಗಿತ್ತು.

ವಸಂತದ ಆಯ್ಕೆ ಆಗಲೇ ಮುಗಿದುಹೋಗಿತ್ತು. ಆದರೆ ಬೇಸಿಗೆಯಲ್ಲಿ ಇನ್ನೊಂದಿತ್ತು, ಶರತ್ಕಾಲದ ತಂಡಕ್ಕೆ. ಹೋಗಬೇಕೆಂದರೆ ಶಾಲೆಯಲ್ಲಿರುವ ಚೀಟಿಯನ್ನು ಹಿಂದಕ್ಕೆ ಪಡೆಯಬೇಕು. ವೈಶಾಲಿ ಒಂದು ರಾತ್ರಿ ಊಟಕ್ಕೆ ಕೂತಾಗ ಎಲ್ಲರೆದುರು ಅಪ್ಪನನ್ನು ಕೇಳಿದಳು.

"ಅಪ್ಪಾ, ಇಫ್ ಐ ಫಿನಿಶ್ ದ ಹೋಲ್ ಥಿಂಗ್, ಕ್ಯಾನ್ ಐ ರನ್?"

ಬಾಳಾಸಾಹೇಬ ರೊಟ್ಟಿ ಮುರಿಯುತ್ತಿದ್ದ. ತಾಯಿ ಎದುರಿಗಿದ್ದಳು. ತಾಯಿಯ ಮುಂದೆ ಅವನು ಯಾವಾಗಲೂ ಉದಾರಿ. "ಪೂರಾ ಸುತ್ತು ಹಾಕು, ನಾನ ಸಾಲಿಗಿ ಹೋಗಿ ಚೀಟಿ ಇಸಕೊಂಡು ಹರದು ಒಗೀತೀನಿ. ಆಮ್ಯಾಲ ಬೇಕಾದ್ರ ಊರತನಕ ಓಡು."

"ಪ್ರಾಮಿಸ್?"

"ಆಣಿ."

ಸೌಜನ್ಯಾ ಎದ್ದು ಅಡುಗೆ ಕಟ್ಟೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಮುಗಿಸಿದರೆ ಏನಾಗುತ್ತದೆಂದು ಅವಳಿಗೆ ಮಾತ್ರ ಹೊಳೆದಿತ್ತು. ಹರಕೆ ನೋಡಲು ತಾನೂ ಬರುತ್ತೇನೆಂದು ವತ್ಸಲಾ ಹೇಳಿಯಾಗಿತ್ತು, ಹೊಸ ಕ್ಯಾಮ್‌ಕಾರ್ಡರ್ ತರುತ್ತೇನೆಂದೂ ಹೇಳಿದ್ದಳು. ಓಡಲಾರದ ರೋಗಿಷ್ಟ ಹುಡುಗಿ ಸುಡುವ ನೆಲದ ಮೇಲೆ ಬಿದ್ದೆದ್ದು ದೇವಸ್ಥಾನ ಸುತ್ತಿದ ಟೇಪು ಶಾಲೆಯ ತಾಯಂದಿರ ಕೈಗೆ ಹೋಗುತ್ತದೆ. ಹಣಮಪ್ಪ ವಾಸಿ ಮಾಡಿದ ಎಂದರೆ ಅವರಾರೂ ನಂಬುವುದಿಲ್ಲ. ಅವಳು ಗಿರೀಶನಿಗೆ ಫೋನು ಮಾಡಿದಳು. ಗಿರೀಶ ಈ ಸಲ ನಗಲಿಲ್ಲ.

"ವೈನಿ, ನನ್ನ ಲೈಸೆನ್ಸ್ ಹೋಗತೈತ್ರಿ," ಎಂದ. "ನಾ ಬರ್ತೀನಿ ಅವತ್ತ. ನಾ ಬಂದ ಮ್ಯಾಲ ಚಾಲೂ ಮಾಡ್ರಿ."

ಆ ಶನಿವಾರ ಗುಡ್ಡದ ಸಂದಿಯಲ್ಲಿ ಗಾಳಿ ಇರಲಿಲ್ಲ. ದೇವಸ್ಥಾನದ ಬಿಳಿ ಗೋಪುರಗಳು ಕಣ್ಣು ಕುಕ್ಕುತ್ತಿದ್ದವು. ಕಮಿಟಿಯ ಶ್ರೀರಂಗ ಎಂಬವರು ಬಂದು, ಹದಿನೆಂಟು ತುಂಬದವರು ಇಂಥದ್ದು ಮಾಡಬೇಕಾದರೆ ಆರೋಗ್ಯ ಸರಿಯಿದೆ ಎಂದು ಡಾಕ್ಟರ ಕಾಗದ ಬೇಕಲ್ಲ, ನಾಳೆ ಏನಾದರೂ ಆದರೆ ಲಯಬಿಲಿಟಿ ನಮ್ಮ ಮೇಲೆ ಬರುತ್ತದೆ ಎಂದರು. ಎಲ್ಲರೂ ಗಿರೀಶನನ್ನು ನೋಡಿದರು. ಅವನು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. "ಕಾಗದ ಯಾಕ್ರಿ, ಡಾಕ್ಟರನ ಇಲ್ಲಿ ನಿಂತಾನಲ್ಲ," ಎಂದ.

ತಲೆಗೆ ನೀರು ಹಾಕಿಸಲೆಂದು ಸೌಜನ್ಯಾ ಮಗಳನ್ನು ಹಿಂದಿನ ನಲ್ಲಿಯ ಹತ್ತಿರ ಕರೆದೊಯ್ದಳು. ಬಕೆಟ್ಟು ತುಂಬುವ ಸದ್ದಿನಲ್ಲಿ ಕಿವಿಯ ಬಳಿ ಹೇಳಿದಳು, "ನೋಡು, ಎರಡನೇ ಗ್ವಾಡಿ ಮುಗಿಯೂ ಹೊತ್ತಿಗಿ ಕೆಮ್ಮು. ಎದಿ ಹಿಡ್ಕೊಂಡು ಕುಂತಬಿಡು. ನಾ ಓಡಿ ಬರ್ತೀನಿ, ಅಂಕಲ್ ನೋಡ್ತಾರ. ಯಾರಿಗೂ ಅವಮಾನ ಆಗೂದಿಲ್ಲ."

"ನೋ," ಎಂದಳು ವೈಶಾಲಿ.

"ವೈಶೂ, ಅಂಕಲ್ ಕೆಲಸ ಹೋಗತೈತಿ."

"ಅಮ್ಮಾ, ನಾನು ಮುಗಿಸ್ತೀನಿ." ಅದನ್ನು ಅವಳು ಕನ್ನಡದಲ್ಲೇ ಹೇಳಿದಳು. ಸೌಜನ್ಯಾ ಬಕೆಟ್ಟಿನ ನೀರನ್ನು ಒಮ್ಮೆಲೇ ಅವಳ ತಲೆಗೆ ಸುರಿದಳು.

ಧ್ವಜಸ್ತಂಭದ ಬುಡದಿಂದ ಶುರುವಾಯಿತು. ವೈಶಾಲಿ ಬಿದ್ದಳು, ಕೈ ಚಾಚಿದಳು, ಪ್ರೇಮವ್ವ ಸುಣ್ಣದ ಕಡ್ಡಿಯಿಂದ ಗೆರೆ ಎಳೆದಳು. ಎದ್ದಳು, ಗೆರೆ ಮೆಟ್ಟಿದಳು, ಬಿದ್ದಳು. ಮೊದಲ ಗೋಡೆಗೆ ನೆರಳಿತ್ತು. ವತ್ಸಲಾ ಕ್ಯಾಮೆರಾ ಹಿಡಿದು ಪಕ್ಕದಲ್ಲೇ ಬರುತ್ತಿದ್ದಳು. "ನೋಡಿ, ಎಷ್ಟು ಭಾರ ಎತ್ಕೊಂಡು ಏಳ್ಬೇಕು, ಪಾಪ. ಸೌಜನ್ಯಾ, ಸ್ವಲ್ಪ ಸೈಡಿಗೆ ಬನ್ರೀ, ಫ್ರೇಮ್‌ಗೆ ಬರ್ತಿದೀರಾ." ದರ್ಶನಕ್ಕೆ ಬಂದ ಹುಡುಗರಿಬ್ಬರು ಮೆಟ್ಟಿಲ ಮೇಲೆ ಕೂತು, ವೈಶಾಲಿ ಧೊಪ್ಪೆಂದು ಬಿದ್ದಾಗಲೆಲ್ಲ ಬಾಯಲ್ಲಿ ಭೂಕಂಪದ ಸದ್ದು ಮಾಡುತ್ತಿದ್ದರು. ರಚನಾ ಅವರ ಪಕ್ಕದಲ್ಲಿ ಕೂತಿದ್ದಳು. ಅವಳೂ ಒಮ್ಮೆ ನಕ್ಕಳು.

ಎರಡನೆಯ ಗೋಡೆಗೆ ಬಿಸಿಲು ನೇರ ಹೊಡೆಯುತ್ತಿತ್ತು. ಒದ್ದೆ ಚೂಡಿದಾರದಿಂದ ಹಬೆ ಏಳುತ್ತಿತ್ತು, ಅಂಗೈ ಚುರ್ ಎನ್ನುತ್ತಿತ್ತು. ಎರಡನೆಯ ಗೋಡೆ ಮುಗಿಯುವಲ್ಲಿ ಸೌಜನ್ಯಾ ಕಾದು ನಿಂತು ಕಣ್ಣಲ್ಲೇ ಸನ್ನೆ ಮಾಡಿದಳು. ವೈಶಾಲಿ ತಾಯಿಯ ಕಾಲ ಬುಡದಲ್ಲೇ ಉದ್ದಕ್ಕೆ ಬಿದ್ದು, ಎದ್ದು, ಮೂಲೆ ತಿರುಗಿದಳು.

ಮೂರನೆಯ ಗೋಡೆಯ ನಡುವಿನಲ್ಲಿ ಮೊಣಕಾಲ ಬಟ್ಟೆ ಹರಿದು ರಕ್ತ ಬಂತು. ಗದ್ದ ನೆಲಕ್ಕೆ ಬಡಿದು ತುಟಿ ಒಡೆಯಿತು. ಆದರೆ ಎದೆಯೊಳಗೆ ಮಾತ್ರ ಬೇರೇನೋ ನಡೆಯುತ್ತಿತ್ತು. ಉಸಿರು ಜೋರಾಗಿತ್ತು, ಆದರೆ ಸರಿಯಾಗಿತ್ತು. ಏಳುವಾಗ ಒಳಗೆ, ಬೀಳುವಾಗ ಹೊರಗೆ. ಮೈದಾನದಲ್ಲಿ ಆ ಒಂದು ದಿನ ಹೀಗೇ ಆಗಿತ್ತು. ಮೈ ತಾನೇ ಹೊರಟುಬಿಟ್ಟಿತ್ತು, ಅವಳು ಅದರ ಜೊತೆಗೆ ಹೋದರೆ ಸಾಕಿತ್ತು. "ಹಂಗ, ಹಂಗ," ಎಂದಳು ಅಜ್ಜಿ, ಮೊಟ್ಟ ಮೊದಲ ಸಲ. "ನನ್ನ ಹುಲಿ." ಯಾರೋ ಬರಿಗಾಲಲ್ಲಿ ಪಕ್ಕ ಬಂದು ನಿಂತಂತಾಯಿತು. ತಲೆ ಎತ್ತಿದರೆ ರಚನಾ. ಕಾಲು ಸುಡುತ್ತಿದ್ದುದರಿಂದ ಒಂದೊಂದೇ ಪಾದ ಎತ್ತುತ್ತಾ ನಡೆಯುತ್ತಿದ್ದಳು. "ಕಮಾನ್, ವೈಶೂ," ಎಂದಳು, ತಂಡದ ಹುಡುಗಿಯರಿಗೆ ಹೇಳುವ ದನಿಯಲ್ಲೇ. "ಕಮಾನ್, ಒನ್ ಮೋರ್ ವಾಲ್."

ನಾಲ್ಕನೆಯ ಗೋಡೆಗೆ ತಿರುಗಿದಾಗ ಧ್ವಜಸ್ತಂಭ ಕಂಡಿತು. ಅದರ ಬುಡದಲ್ಲಿ ಮೊದಲ ಗೆರೆ ಇನ್ನೂ ಬೆಳ್ಳಗೆ ಇತ್ತು. ಇನ್ನು ಕೆಲವೇ ಸಲ ಬಿದ್ದರೆ ಬೆರಳು ಅದನ್ನು ಮುಟ್ಟುತ್ತಿತ್ತು.

"ಗಿರೀಶಣ್ಣಾ!" ಎಂದು ಸೌಜನ್ಯಾ ಚೀರಿದಳು. "ದಮ್ಮ ಬಂತ್ರೀ! ನೋಡ್ರಿ ಬಾಯಿ ಬಿಡಾಕತ್ತಾಳ! ಯಪ್ಪಾ, ಯಾರರೆ ಬರ್ರೀ!"

ನೆಲದಿಂದ ಏಳುತ್ತಿದ್ದ ವೈಶಾಲಿಯ ಎರಡೂ ಭುಜಗಳನ್ನು ಹಿಡಿದು ಅವಳು ಕೂರಿಸಿದಳು. ಗಿರೀಶ ಓಡಿಬಂದು ನಾಡಿ ಹಿಡಿದ.

"ಐ ಕ್ಯಾನ್ ಬ್ರೀದ್!" ಎಂದು ವೈಶಾಲಿ ಕೂಗಿದಳು. "ಅಂಕಲ್, ಐ ಆಮ್ ಫೈನ್, ಬಿಡಿ!"

"ಮಾತಾಡಬ್ಯಾಡ, ಮಾತಾಡಿದ್ರ ಜಾಸ್ತಿ ಆಗತೈತಿ," ಎಂದ ಗಿರೀಶ. ಸೌಜನ್ಯಾ ಕೊಟ್ಟ ನೀಲಿ ಇನ್‌ಹೇಲರನ್ನು ಒಡೆದ ತುಟಿಗಳ ನಡುವೆ ತುರುಕಿ ಒತ್ತಿದ. ಏನೂ ಬರಲಿಲ್ಲ. ಮತ್ತೆ ಒತ್ತಿದ. ಹುಡುಗಿ ತಲೆ ಕೊಡವಿದಳು, ಒದ್ದಳು, ಕೂಗಿದಳು. ಕೂಗಿದಷ್ಟೂ ಮುಖ ಕೆಂಪಾಯಿತು, ಏದುಸಿರು ಹೆಚ್ಚಾಯಿತು. ಸುತ್ತ ನಿಂತವರ ಕಣ್ಣಿಗೆ ಅದು ರೋಗವಲ್ಲದೆ ಬೇರೇನೂ ಆಗಿರಲಿಲ್ಲ.

"ಎತ್ತಿ, ಎತ್ತಿ, ನೆರಳಿಗೆ ಎತ್ತಿ!" ಎಂದರು ಶ್ರೀರಂಗ.

ಬಾಳಾಸಾಹೇಬ ಅಲ್ಲಿಯವರೆಗೆ ಕಂಬದ ಮರೆಯಲ್ಲಿ ನಿಂತಿದ್ದ. ವೈಶಾಲಿ ಅವನನ್ನು ನೋಡಿ, "ಅಪ್ಪಾ, ಟೆಲ್ ದೆಮ್!" ಎಂದಳು. ಅವನು ಬಂದ. ಬಗ್ಗಿ ಮಗಳ ಕಂಕುಳಿಗೆ ಕೈ ಹಾಕಿದ. ಒಂದು ಗಳಿಗೆ ಅವಳು ಅಪ್ಪ ತನ್ನನ್ನು ಎಬ್ಬಿಸಿ ನಿಲ್ಲಿಸುತ್ತಾನೆ ಎಂದುಕೊಂಡು ಮೈ ಹಗುರ ಮಾಡಿದಳು. ಅವನು ಗಿರೀಶನಿಗೆ, "ಕಾಲ ಹಿಡಿಯೋ," ಎಂದ. ಇಬ್ಬರೂ ಅವಳನ್ನು ಮೂಟೆಯಂತೆ ಹೊತ್ತು, ಗೆರೆಗಳನ್ನೆಲ್ಲ ದಾಟಿ, ಧ್ವಜಸ್ತಂಭದ ಪಕ್ಕದಿಂದಲೇ ಮಂಟಪಕ್ಕೆ ಒಯ್ದರು.

ವತ್ಸಲಾ ಕ್ಯಾಮೆರಾ ಇಳಿಸಿದಳು. ಅವಳ ಕಣ್ಣು ತುಂಬಿತ್ತು. "ಸೌಜನ್ಯಾ, ನನ್ನನ್ನ ಕ್ಷಮಿಸ್ಬಿಡಿ. ನಾನು ನಾಟಕ ಅಂದ್ಕೊಂಡಿದ್ದೆ ಕಣ್ರೀ. ಕಣ್ಣಾರೆ ನೋಡಿದ್ಮೇಲೆ... ಅಯ್ಯೋ, ಎಂಥಾ ಕಾಯಿಲೆ." ಇಬ್ಬರೂ ತಬ್ಬಿಕೊಂಡರು. ವತ್ಸಲಾಳ ಹೆಗಲ ಮೇಲೆ ಸೌಜನ್ಯಾ ನಿಜವಾಗಿಯೇ ಅತ್ತಳು. ಅಷ್ಟು ನಿರಾಳವಾಗಿತ್ತು ಅವಳಿಗೆ.

ಸುಣ್ಣದ ಕಡ್ಡಿ ಹಿಡಿದ ಪ್ರೇಮವ್ವ ಕೊನೆಯ ಗೆರೆಯ ಹತ್ತಿರ ಒಬ್ಬಳೇ ನಿಂತಿದ್ದಳು. ಆಮೇಲೆ ನಿಧಾನವಾಗಿ ಮಂಟಪಕ್ಕೆ ಬಂದಳು. ವೈಶಾಲಿ ಅವಳ ಸೀರೆ ಹಿಡಿದಳು. "ಅಜ್ಜೀ, ನಂಗೆ ಏನೂ ಆಗಿಲ್ಲ. ನೀವು ನೋಡಿದ್ರಲ್ಲಾ. ಏನೂ ಆಗಿಲ್ಲ."

ಮುದುಕಿ ಸೀರೆ ಬಿಡಿಸಿಕೊಂಡಳು. "ಹಣಮಪ್ಪ ಒಲ್ಲೆ ಅಂದ," ಎಂದಳು. "ಅಷ್ಟು ಹತ್ರ ಕರದು ಒಲ್ಲೆ ಅಂದ. ಎಂಥಾ ಪಾಪದ ಮೈ ಹೊತ್ಕೊಂಡು ಹುಟ್ಟೀಯೇ ನೀನು?"

ರಚನಾ ಚಪ್ಪಲಿ ಹುಡುಕುತ್ತಿದ್ದಳು. ವೈಶಾಲಿ ಅವಳ ಕಡೆ ನೋಡಿದಳು. ಪಕ್ಕದಲ್ಲೇ ನಡೆದವಳು, ಉಸಿರು ಕೇಳಿಸಿಕೊಂಡವಳು, ಅವಳಿಗಾದರೂ ಗೊತ್ತು. ರಚನಾ ತಾಯಿಯ ಮುಖ ನೋಡಿದಳು, ನೆಲ ನೋಡಿದಳು. "ಗೆಟ್ ವೆಲ್ ಸೂನ್," ಎಂದು ಹೇಳಿ ಕಾರಿನ ಕಡೆ ಹೋದಳು.

ಮನೆಗೆ ಹೋಗುವಾಗ ಪ್ರೇಮವ್ವ ಮುಂದಿನ ಸೀಟಿನಲ್ಲಿ ಕೂತಳು. ಸೌಜನ್ಯಾ ಹಿಂದೆ ಮಗಳ ಪಕ್ಕದಲ್ಲಿ. ಕಾರು ಫ್ರೀವೇ ಹತ್ತಿ ದಕ್ಷಿಣಕ್ಕೆ ತಿರುಗಿತು.

"ಅಪ್ಪಾ, ಚೀಟಿ," ಎಂದಳು ವೈಶಾಲಿ.

ಬಾಳಾಸಾಹೇಬ ಎ.ಸಿ. ಜೋರು ಮಾಡಿದ. "ಪೂರಾ ಆಗ್ಲಿಲ್ಲಲ್ಲ ತಂಗಿ. ಪೂರಾ ಆದ್ರ ಅಂತ ಮಾತಾಗಿತ್ತು."

"ನೀವೇ ಎತ್ಕೊಂಡು ಹೋದ್ರಿ."

"ಮುಂದಿನ ವರ್ಷ ನೋಡೂಣಂತ."

ಸೌಜನ್ಯಾ ಒದ್ದೆ ಟಿಶ್ಯೂನಿಂದ ಮಗಳ ಮೊಣಕಾಲಿನ ರಕ್ತ ಒರೆಸುತ್ತಿದ್ದಳು. ಬಹಳ ಮೃದುವಾಗಿ ಒರೆಸುತ್ತಿದ್ದಳು. ಆಮೇಲೆ ಪರ್ಸಿನಿಂದ ಮುಖದ ಕ್ರೀಮು ತೆಗೆದು ಅವಳ ಕೆನ್ನೆಗೆ ಹಚ್ಚತೊಡಗಿದಳು. "ಎಷ್ಟ ಕರ್ರಗಾಗೀದಿ ನೋಡು ಒಂದ ದಿನದಾಗ. ಇನ್ನ ಯಾರೂ ನಿನಗ ಬಿಸಲಾಗ ನಿಂದರಸೂದಿಲ್ಲ. ಆರಾಮ ಕುಂತು ಓದು."

ವೈಶಾಲಿ ತಾಯಿಯ ಬೆರಳುಗಳನ್ನು ನೋಡಿದಳು. ಕಿಟಕಿಯಾಚೆ ಎಲ್ ಸೆಗುಂಡೋದ ದೊಡ್ಡ ದೊಡ್ಡ ಕಟ್ಟಡಗಳು ಹಿಂದೆ ಸರಿದವು. ಅವಳು ಭುಜಗಳನ್ನು ಕಿವಿಯವರೆಗೆ ಎತ್ತಿದಳು. ಕೊರಳ ಕೆಳಗಿನ ಗುಳಿಯನ್ನು ಒಳಕ್ಕೆ ಎಳೆದಳು. ಎದೆಯೊಳಗಿಂದ ಸಣ್ಣ ಪೀಪಿಯ ಸದ್ದು ಹೊರಟಿತು.

"ಸಾಕು," ಎಂದಳು ಸೌಜನ್ಯಾ, ಕ್ರೀಮು ಹಚ್ಚುತ್ತಲೇ. "ಇಲ್ಲಿ ಯಾರೂ ಇಲ್ಲ."

ಪೀಪಿ ಮತ್ತೆ ಬಂತು, ಇನ್ನೂ ಉದ್ದಕ್ಕೆ. ಹುಡುಗಿಯ ಬಾಯಿ ತೆರೆದುಕೊಂಡಿತು. ಕೈಗಳು ಸೀಟಿನ ಅಂಚನ್ನು ಹಿಡಿದವು.

"ವೈಶೂ, ಸಾಕಂದೆ. ಏ. ನಾಟಕ ಬ್ಯಾಡ."

ಸೌಜನ್ಯಾಳ ಬೆರಳು ಕೆನ್ನೆಯ ಮೇಲೆ ನಿಂತಿತು. ಅಂಥ ಸದ್ದನ್ನು ಅವಳು ಮಗಳಿಂದ ಕೇಳಿದ್ದಿಲ್ಲ. ಅದನ್ನು ಯಾರೂ ಅವಳಿಗೆ ಕಲಿಸಿಕೊಟ್ಟಿರಲಿಲ್ಲ. ಕಲಿಸಿದ್ದರೆ ತಾನೇ ಕಲಿಸಬೇಕಿತ್ತು, ತಾನು ಕಲಿಸಿರಲಿಲ್ಲ. ಹಾಗಾದರೆ ಇದು ಏನು? "ವೈಶಾಲೀ? ರೀ... ರೀ, ಗಾಡಿ ನಿಂದರಸ್ರಿ! ಖರೇನ ಬಂದೈತ್ರೀ! ಖರೇನ!"

ಬಾಳಾಸಾಹೇಬ ಕಾರನ್ನು ಬದಿಗೆಳೆದ. ಹಿಂದಿನಿಂದ ಲಾರಿಯೊಂದು ಹಾರ್ನು ಹೊಡೆದು ಮೈಗೆ ಒರಸುವಂತೆ ದಾಟಿತು. ಸೌಜನ್ಯಾ ಬ್ಯಾಗಿನ ಪಾಕೀಟಿನಿಂದ ನೀಲಿ ಇನ್‌ಹೇಲರು ಕಿತ್ತು, ಮಗಳ ಬಾಯಿಗಿಟ್ಟು ಒತ್ತಿದಳು. ಒತ್ತಿದಳು. ಒತ್ತಿದಳು. ಖಾಲಿ ಪ್ಲಾಸ್ಟಿಕ್ಕು ಕಟ್ ಕಟ್ ಎಂದಿತು. "ಇದರಾಗ ಏನಿಲ್ರೀ! ಇದರಾಗ ಏನೂ ಇಲ್ಲ!" ಎಂದು ತನಗೆ ಗೊತ್ತಿದ್ದುದನ್ನೇ ಕೂಗಿ ಹೇಳಿದಳು. ಮುಂದಿನ ಸೀಟಿನಲ್ಲಿ ಪ್ರೇಮವ್ವ ಕೈ ಜೋಡಿಸಿ, "ಯಪ್ಪಾ ಹಣಮಪ್ಪಾ, ಈ ಸರ್ತಿ ಉಳಿಸು, ಎರಡು ಸುತ್ತು ಹಾಕಸ್ತೀನಿ," ಎಂದು ಮತ್ತೆ ಹರಕೆ ಹೊರುತ್ತಿದ್ದಳು.

ತಾಯಿಯ ಮುಖ ಬೂದಿಯ ಬಣ್ಣಕ್ಕೆ ತಿರುಗುವುದನ್ನು ವೈಶಾಲಿ ಬಹಳ ಹತ್ತಿರದಿಂದ ನೋಡಿದಳು. ಕಣ್ಣು ಮಿಟುಕಿಸದೆ ಇನ್ನೊಂದು ಉಸಿರನ್ನು ಒಳಗೆ ಎಳೆದುಕೊಂಡಳು, ಮೈದಾನದಲ್ಲಿ ಎಳೆದುಕೊಂಡಿದ್ದಷ್ಟೇ ದೊಡ್ಡ ಉಸಿರು. ಅದನ್ನು ಹೊರಗೆ ಬಿಡುವ ಅವಸರ ಅವಳಿಗಿರಲಿಲ್ಲ.